ಸಕ್ಕರೆ ಇದ್ದವರಿಗೆ ಸೂಜಿ

"ಶುಗರ್ ಇದ್ದವರಿಗೆ ಸೂಜಿ ಚುಚ್ಚಬಾರದು, ಚುಚ್ಚಿದ ಜಾಗ ಕೀವು ಕಟ್ಟುತ್ತೆ." ಕಾಂದಿವಲಿಯ ಆ ಮೆಡಿಕಲ್ ಸ್ಟೋರಿನ ಕೌಂಟರಿನ ಹಿಂದೆ ನಿಂತು ಈ ಮಾತನ್ನು ನಾನು ಹಿಂದಿಯಲ್ಲಿ ಕೇಳಿದ್ದೇನೆ, ಮರಾಠಿ, ಗುಜರಾತಿಗಳಲ್ಲಿ ಕೇಳಿದ್ದೇನೆ, ನಮ್ಮ ಕನ್ನಡದಲ್ಲೂ ಕೇಳಿದ್ದೇನೆ. ಪ್ರತಿದಿನ ಬೆಳಿಗ್ಗೆ ತಮ್ಮ ತೊಡೆಗೆ ತಾವೇ ಇನ್ಸುಲಿನ್ ಚುಚ್ಚಿಕೊಳ್ಳುವವರೂ ಹಾಗೇ ಹೇಳುತ್ತಿದ್ದರು. "ಮತ್ತೆ ನೀವು ದಿನಾ ಚುಚ್ಕೊಳ್ಳೋದು ಏನು?" ಎಂದರೆ, "ಅದು ಬೇರೆ" ಎನ್ನುತ್ತಿದ್ದರು. ಹೇಗೆ ಬೇರೆ ಎಂದು ಯಾರೂ ಹೇಳಲಿಲ್ಲ. ಇಷ್ಟು ವರ್ಷಗಳ ಮೇಲೂ ಆ ಮಾತು ನೆನಪಾದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದು ಕೇವಲ ತಿಳಿಯದ ಜನರ ಮಾತಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಆ ಅಂಗಡಿಗೆ ಸೇರಿದೆ. ಹುಟ್ಟಿದ್ದು ಮೈಸೂರಿನಲ್ಲಿ, ಫಾರ್ಮಸಿ ಡಿಪ್ಲೊಮಾ ಮಾಡಿದ್ದು ಬೆಂಗಳೂರಿನಲ್ಲಿ, ಮದುವೆಯಾಗಿ ಬಂದದ್ದು ದಹಿಸರಿಗೆ. ಗಂಡ ಫೋರ್ಟಿನ ಆಫೀಸಿಗೆ ಹೋಗುವ ಲೋಕಲ್ಲಿನಲ್ಲೇ ನಾನೂ ಲೇಡೀಸ್ ಡಬ್ಬಿಗೆ ಹತ್ತಿ ಕಾಂದಿವಲಿಯಲ್ಲಿ ಇಳಿಯುತ್ತಿದ್ದೆ. ಅಂಗಡಿಯ ಮಾಲೀಕರು ಕಛ್‌ನವರು. ಎಲ್ಲರೂ ಶೇಟ್ ಎನ್ನುತ್ತಿದ್ದರು. ಕೆಟ್ಟವರಲ್ಲ, ಆದರೆ ಲಸಿಕೆ ಇಡುವ ಫ್ರಿಜ್ಜಿನಲ್ಲಿ ತಮ್ಮ ಮಜ್ಜಿಗೆಯ ಡಬ್ಬಿಯನ್ನೂ ಇಡುತ್ತಿದ್ದರು. ನಾನು ಅದನ್ನು ತೆಗೆದು ಹೊರಗಿಡುವುದು, ಅವರು ಮತ್ತೆ ಒಳಗಿಡುವುದು, ಹೀಗೆ ಕೆಲವು ತಿಂಗಳು ನಡೆದು ಕಡೆಗೆ ಅವರೇ ಸೋತು ಮನೆಯಿಂದ ಮಣ್ಣಿನ ಮಡಕೆ ತಂದುಕೊಂಡರು.

ಸುತ್ತಮುತ್ತ ಇಂಡಸ್ಟ್ರಿಯಲ್ ಎಸ್ಟೇಟುಗಳು. ಕಬ್ಬಿಣ ಕೊರೆಯುವ, ತಗಡು ಕತ್ತರಿಸುವ ಸಣ್ಣ ಸಣ್ಣ ಕಾರ್ಖಾನೆ ಮಳಿಗೆಗಳು, ಅಲ್ಲಿಯವರ ಮಾತಿನಲ್ಲಿ ಗಾಲೆಗಳು. ಗಲ್ಲಿಗಳಲ್ಲಿ ಲೋಹದ ಸುರುಳಿ, ಮುರಿದ ಮೊಳೆ. ಕಾಲಿಗೆ ಏನಾದರೂ ಚುಚ್ಚಿಕೊಂಡು ಬರುವವರಿಗೆ ಕೊರತೆಯೇ ಇರಲಿಲ್ಲ. ಗಾಯವಾದವರಿಗೆ ಧನುರ್ವಾಯುವಿನ ಲಸಿಕೆ, ಟಿಟಿ ಎಂದು ನಾವು ಹೇಳುವುದು, ಹಾಕಿಸಿಕೊಳ್ಳಿ ಎಂದು ಹೇಳುವುದು ಅಲ್ಲಿ ಯಾವ ಮೆಡಿಕಲ್ಲಿನವರಿಗೂ ರೂಢಿ. ಆದರೆ ನನಗೆ ಗಾಬರಿಯಾಗುತ್ತಿದ್ದದ್ದು ಸಕ್ಕರೆ ಕಾಯಿಲೆಯವರನ್ನು ಕಂಡು. ಅವರ ಪಾದಕ್ಕೆ ಜೋಮು. ಮೊಳೆ ಹೊಕ್ಕರೂ ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ಎಲ್ಲರಿಗಿಂತ ಮೊದಲು, ಗಾಯ ಆಗುವುದಕ್ಕೂ ಮೊದಲೇ, ಈ ಲಸಿಕೆ ಹಾಕಿಸಿಕೊಳ್ಳಬೇಕಾದವರು ಅವರು. ಅವರೇ ಸೂಜಿಯಿಂದ ದೂರ ಓಡುತ್ತಿದ್ದರು. ಓಡಿಸುತ್ತಿದ್ದವರು ನಮ್ಮ ಎದುರಿಗೇ ಕೂತಿದ್ದರು.

ರಸ್ತೆಯ ಆಚೆ ಒಬ್ಬ ಡಾಕ್ಟರರ ದವಾಖಾನೆ. ಆ ಭಾಗದಲ್ಲಿ ಅವರ ಮಾತೆಂದರೆ ಮಾತು. ಸುಸ್ತು ಎಂದು ಬಂದವರಿಗೆಲ್ಲ ಒಂದು ಕೆಂಪು ಇಂಜೆಕ್ಷನ್ ಕೊಡುತ್ತಿದ್ದರು, ಶಕ್ತಿಯದ್ದು. ಅದಕ್ಕೆ ಜನ ಸಾಲುಗಟ್ಟಿ ಕೂರುತ್ತಿದ್ದರು, ಸಕ್ಕರೆಯವರೂ ಕೂರುತ್ತಿದ್ದರು. ಆದರೆ ನಾನು ಟಿಟಿಯ ಮಾತೆತ್ತಿ ಕಳಿಸಿದವರನ್ನು ಮಾತ್ರ, "ನಿನಗೆ ಶುಗರ್ ಇದೆ, ಸೂಜಿ ಬೇಡ" ಎಂದು ಹಿಂದಕ್ಕೆ ಕಳಿಸುತ್ತಿದ್ದರು. ಶಕ್ತಿಯ ಸೂಜಿಗೆ ಇಲ್ಲದ ಕೀವು ಧನುರ್ವಾಯುವಿನ ಸೂಜಿಗೆ ಎಲ್ಲಿಂದ ಬರುತ್ತದೆ ಎಂದು ಕೇಳುವ ಧೈರ್ಯ ಯಾರಿಗಿತ್ತು?

ನಮ್ಮ ಅಂಗಡಿಯಿಂದ ಸ್ವಲ್ಪ ದೂರದಲ್ಲಿ ಉಡುಪಿಯ ಕಡೆಯವರ ಹೋಟೆಲು. ಕಾರ್ಖಾನೆಯ ಜನವೇ ಗಿರಾಕಿಗಳು. ಅದರ ಧಣಿಗಳಿಗೆ ಐವತ್ತು ದಾಟಿತ್ತು, ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಮಾತ್ರೆ ಕೊಳ್ಳಲು ಕೆಲಸದವರನ್ನು ಕಳಿಸದೆ ತಾವೇ ಬರುತ್ತಿದ್ದರು. "ಮಾತ್ರೆ ಒಂದು ನೆಪ ಅಮ್ಮ. ನಿಮ್ಮ ಹತ್ರ ಎರಡು ಕನ್ನಡ ಮಾತಾಡ್ಲಿಕ್ಕೆ ಬರುದು. ಗಲ್ಲೆಯಲ್ಲಿ ಕೂತ್ರೆ ಬರೀ ಹಿಂದಿ" ಎನ್ನುತ್ತಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ.

ಅವರ ಅಡುಗೆಮನೆಯ ಭಟ್ಟರಿಗೂ ಸಕ್ಕರೆ ಇತ್ತು. ಒಂದು ದಿನ ಭಟ್ಟರು ತೆಂಗಿನಕಾಯಿ ತುರಿಯುವ ಮಣೆಗೆ ಪಾದ ಕೊಯ್ದುಕೊಂಡು ಹತ್ತಿ ಕೇಳಲು ಬಂದರು. ನಾನು ಹತ್ತಿಯ ಜೊತೆ ಟಿಟಿಯ ಆಂಪೂಲನ್ನೂ ಕೊಟ್ಟು, ಎದುರಿನ ದವಾಖಾನೆಯಲ್ಲಿ ಹಾಕಿಸಿಕೊಳ್ಳಲೇಬೇಕು ಎಂದು ಗದರಿಸಿ ಕಳಿಸಿದೆ. ಡಾಕ್ಟರು ಊಟಕ್ಕೆ ಹೋಗಿದ್ದರಂತೆ, ಕಾಂಪೌಂಡರೇ ಚುಚ್ಚಿಬಿಟ್ಟ. ವಾರದೊಳಗೆ ಭಟ್ಟರ ತೋಳು ಕುಂಬಳಕಾಯಿಯಂತೆ ಊದಿತು. ಕೀವು ತುಂಬಿ, ಕೊಯ್ದು ತೆಗೆಸಬೇಕಾಯಿತು. ದೋಸೆ ಹುಯ್ಯುವ ಕೈ ಅದು. ಎಷ್ಟೋ ದಿನ ಅವರು ಎಡಗೈಯಲ್ಲಿ ಒದ್ದಾಡಿದರು.

ಆ ದವಾಖಾನೆಯ ಸೂಜಿಗಳ ವಿಷಯ ನನಗೆ ಗೊತ್ತಾದದ್ದು ಆಮೇಲೆ. ಗಾಜಿನ ಸಿರಿಂಜು, ಸ್ಟೀಲಿನ ಸೂಜಿ. ಬೆಳಿಗ್ಗೆ ಒಮ್ಮೆ ಕುದಿಸಿದ ನೀರಿನಲ್ಲೇ ಸಂಜೆಯವರೆಗೆ ಅದ್ದಿ ತೆಗೆಯುವುದು. ನೀರು ಆರಿ ತಣ್ಣಗಾಗಿರುತ್ತಿತ್ತು. ಒಬ್ಬರಿಗೆ ಚುಚ್ಚಿದ್ದು ಅದ್ದಿ ಇನ್ನೊಬ್ಬರಿಗೆ. ಆದರೆ ಡಾಕ್ಟರು ಎಲ್ಲರ ಮುಂದೆ ಹೇಳಿದ್ದು ಬೇರೆ. ಎದುರಿನ ಅಂಗಡಿಯ ಲಸಿಕೆ ಕೆಟ್ಟಿತ್ತು, ಮೇಲಾಗಿ ಶುಗರ್ ಪೇಷಂಟಿಗೆ ಆ ಹೆಂಗಸು ಸೂಜಿ ಹಾಕಿಸಿಕೊಳ್ಳಲು ಹೇಳಿದ್ದೇ ತಪ್ಪು, ಅಂತ.

ನಾನು ಬಿಳಿ ಕೋಟು ತೆಗೆಯದೆ ಹಾಗೇ ರಸ್ತೆ ದಾಟಿ ಹೋದೆ. ಪೇಷಂಟುಗಳು ಕೂತಿದ್ದರು. ನಾನು ಹಿಂದಿಯಲ್ಲಿ, ಆದಷ್ಟು ಸಮಾಧಾನದಿಂದಲೇ, ನಮ್ಮ ಲಸಿಕೆ ಫ್ರಿಜ್ಜಿನಿಂದ ನೇರ ಭಟ್ಟರ ಕೈಗೆ ಬಂದದ್ದು, ಅದೇ ಪೆಟ್ಟಿಗೆಯದನ್ನು ಬೇರೆ ಕಡೆ ಹಾಕಿಸಿಕೊಂಡ ಯಾರಿಗೂ ಏನೂ ಆಗಿಲ್ಲ, ನಿಮ್ಮ ಸೂಜಿ ಕುದಿಸಿದ್ದು ಯಾವಾಗ ಎಂದು ಕೇಳಿದೆ.

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ಮ್ಯಾಡಮ್, ಆಪ್ ದವಾ ಬೇಚಿಯೇ. ಇಲಾಜ್ ಹಮ್ ಕರೇಂಗೆ" ಎಂದರು. ನೀವು ಮಾರುವವರು, ಮಾರಿಕೊಂಡಿರಿ, ಚಿಕಿತ್ಸೆ ನಮಗೆ ಬಿಡಿ. ಕೂತಿದ್ದವರಲ್ಲಿ ಒಂದಿಬ್ಬರು ನಕ್ಕರು. ನಾನು ವಾಪಸು ಬಂದೆ. ಶೇಟ್ ನೀರಿನ ಲೋಟ ಮುಂದಿಟ್ಟು, "ಬೆಹೆನ್, ಅವರು ಚೀಟಿ ಬರೆದರೆ ನಮ್ಮ ಅಂಗಡಿ. ಯಾಕೆ ಬೇಕು ಝಗಡಾ" ಎಂದರು. ನಾನು ನೀರು ಕುಡಿಯಲಿಲ್ಲ.

ಆ ಒಂದು ಊದಿದ ತೋಳು ನನ್ನ ಮಾತನ್ನೆಲ್ಲ ಮಣ್ಣು ಮಾಡಿತು. ಯಾರಿಗೆ ಏನು ಹೇಳಲು ಹೋದರೂ, "ಭಟ್ಟರ ಕೈ ಗೊತ್ತುಂಟಲ್ಲ" ಎನ್ನುವರು. ತಪ್ಪು ಕುದಿಸದ ಸೂಜಿಯದು, ಕೆಟ್ಟ ಹೆಸರು ಲಸಿಕೆಗೆ. ಧಣಿಗಳೂ ಅದನ್ನೇ ಹಿಡಿದುಕೊಂಡರು. "ಎಂತ ಅಮ್ಮ, ನನಗೂ ಹಾಗೇ ಆದ್ರೆ ಹೋಟೆಲ್ ಯಾರು ನೋಡುದು?" ಬೊರಿವಲಿಯಲ್ಲಿ ಒಬ್ಬ ಡಾಕ್ಟರು ಸೂಜಿಗಳನ್ನು ಸರಿಯಾಗಿ ಕುದಿಸುತ್ತಾರೆ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. "ಆಯ್ತು, ನೋಡುವ" ಎಂದರು. ಕರಾವಳಿಯವರ "ನೋಡುವ" ಎಂದರೆ ಇಲ್ಲ ಎಂದರ್ಥ ಎಂದು ನನಗೆ ಅಷ್ಟು ಹೊತ್ತಿಗೆ ತಿಳಿದಿತ್ತು.

ಮುಂದಿನ ವರ್ಷದ ಮಳೆಗಾಲ ಮುಗಿಯುತ್ತಿದ್ದಾಗ ಧಣಿಗಳು ತರಕಾರಿ ತರಲು ಎಸ್ಟೇಟಿನ ಗಲ್ಲಿಯಿಂದ ಹೋಗಿಬಂದರು. ತಗಡಿನ ಚೂರೊಂದು ರಬ್ಬರ್ ಚಪ್ಪಲಿಯನ್ನು ತೂರಿ ಪಾದದೊಳಗೆ ಹೋಗಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ನೆಲ ಒರೆಸುವವನು ಗಲ್ಲೆಯ ಕೆಳಗೆ ರಕ್ತ ಕಂಡು ಹೇಳಿದ ಮೇಲೆ ಕಾಲೆತ್ತಿ ನೋಡಿದರಂತೆ. ಎದುರಿನ ಡಾಕ್ಟರು ಚೂರು ತೆಗೆದು ಪಟ್ಟಿ ಕಟ್ಟಿದರು. ಪಟ್ಟಿ ಬಟ್ಟೆ ಕೊಳ್ಳಲು ಕುಂಟುತ್ತ ನಮ್ಮಲ್ಲಿಗೆ ಬಂದಾಗ ನಾನು ಕೇಳಿದ ಮೊದಲ ಮಾತು, "ಟಿಟಿ ಕೊಟ್ರಾ?"

"ಇಲ್ಲ. ಶುಗರ್ ಜಾಸ್ತಿ ಉಂಟು, ಈಗ ಬೇಡ ಹೇಳಿದ್ರು."

"ಅಣ್ಣ, ಶುಗರ್ ಇರೋದಕ್ಕೇ ಬೇಕು. ಇವತ್ತೇ ಬೇಕು. ಬೊರಿವಲಿಗೆ ಹೋಗೋಣ, ರಿಕ್ಷಾ ಕರೀತೀನಿ. ಬರೀ ಟಿಟಿ ಅಲ್ಲ, ಇದುವರೆಗೂ ಹಾಕಿಸಿಕೊಳ್ಳದೇ ಇದ್ದವರಿಗೆ ಇನ್ನೊಂದು ಔಷಧಿನೂ ಕೊಡಬೇಕಾಗುತ್ತೆ."

"ಅಮ್ಮ, ನೀವು ನನ್ನ ಒಳ್ಳೇದಕ್ಕೇ ಹೇಳುದು, ನನಗೆ ಗೊತ್ತು. ಆದ್ರೆ ಡಾಕ್ಟ್ರು ಬೇಡ ಹೇಳ್ತಾರೆ, ಮೆಡಿಕಲ್‌ನವರು ಬೇಕು ಹೇಳ್ತಾರೆ. ನಾನು ಯಾರ ಮಾತು ಕೇಳುದು, ನೀವೇ ಹೇಳಿ."

ಆ ಪ್ರಶ್ನೆಯಲ್ಲಿ ತಪ್ಪೇನಿತ್ತು? ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಕೇಳುತ್ತಿದ್ದರು. ಔಷಧಿ ಓದಿದವಳ ಮಾತಿಗೆ ಡಾಕ್ಟರ ಮಾತಿನ ಮುಂದೆ ಕಾಸಿನ ಬೆಲೆ ಇರದಂತೆ ಮಾಡಿಟ್ಟವರು ಅವರಲ್ಲ. ಅವರು ಪಟ್ಟಿ ಬಟ್ಟೆ ತೆಗೆದುಕೊಂಡು ಹೋದರು. ಮರುದಿನ ನಾನು ಹೋಟೆಲಿಗೇ ಹೋಗಿ ಮತ್ತೆ ಹೇಳಿದೆ. ಕಾಫಿ ಕೊಡಿಸಿದರು, "ನೋಡುವ" ಎಂದರು.

ಪಟ್ಟಿ ಇನ್ನೂ ಬಿಚ್ಚಿರಲಿಲ್ಲ, ಒಂದು ಮಧ್ಯಾಹ್ನ ಭಟ್ಟರು ಬಂದು, "ದವಡೆ ನೋವಿಗೆ ಒಂದು ಮಾತ್ರೆ ಕೊಡಿ, ಧಣಿಗಳಿಗೆ" ಎಂದರು.

"ಹಲ್ಲು ನೋವಾ?"

"ಅಲ್ಲ. ಬಾಯಿ ಬಿಡ್ಲಿಕ್ಕೆ ಆಗುದಿಲ್ಲ ಅಂತೆ. ಬೆಳಿಗ್ಗೆ ಇಡ್ಲಿ ಒಳಗೆ ಹೋಗ್ಲಿಲ್ಲ. ಕುತ್ತಿಗೆಯೂ ಗಟ್ಟಿ ಆಗಿದೆ ಹೇಳ್ತಾರೆ."

ನಾನು ಮಾತ್ರೆ ಕೊಡಲಿಲ್ಲ. ಶೇಟರಿಗೆ ಎರಡು ಮಾತಿನಲ್ಲಿ ಹೇಳಿ ಭಟ್ಟರ ಜೊತೆ ಓಡಿದೆ. ಧಣಿಗಳು ಗಲ್ಲೆಯಲ್ಲೇ ಕೂತಿದ್ದರು. ನನ್ನನ್ನು ಕಂಡು ನಗಲು ಹೋದರು. ಮುಖ ಒಂದು ಬಗೆಯ ನಗುವಿನಲ್ಲಿ ಬಿಗಿದುಕೊಂಡಿತ್ತು, ಅದು ಅವರ ನಗುವಾಗಿರಲಿಲ್ಲ. ಪುಸ್ತಕದಲ್ಲಿ ಓದಿದ್ದನ್ನು ಬದುಕಿರುವ ಮನುಷ್ಯನ ಮುಖದ ಮೇಲೆ ನೋಡಿದ್ದು ಅದೇ ಮೊದಲು. ಅವರ ಹೆಂಡತಿ ಹಿಂದಿನ ಕೋಣೆಯಿಂದ ಬಂದರು. ಟ್ಯಾಕ್ಸಿಯಲ್ಲಿ ನಾವು ಮೂವರು ಅವರನ್ನು ಊರೊಳಗಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಗಾಡಿ ಗುಂಡಿಗೆ ಬಿದ್ದಾಗಲೆಲ್ಲ ಅವರ ಬೆನ್ನು ಬಿಲ್ಲಿನಂತೆ ಸೆಟೆಯುತ್ತಿತ್ತು. ಹೆಂಡತಿ ಅವರ ತಲೆಯನ್ನು ಎದೆಗೆ ಒತ್ತಿಕೊಂಡು ತುಳುವಿನಲ್ಲಿ ಏನೋ ಹೇಳುತ್ತಲೇ ಇದ್ದರು.

ಧನುರ್ವಾಯುವಿನ ರೋಗಿಗಳನ್ನು ಕತ್ತಲು ಕೋಣೆಯಲ್ಲಿ ಇಡುತ್ತಾರೆ. ಕಿಟಕಿಗೆ ಕಪ್ಪು ಪರದೆ. ಬೆಳಕು ಬಿದ್ದರೆ, ಬಾಗಿಲು ಸದ್ದಾದರೆ, ಯಾರಾದರೂ ಮುಟ್ಟಿದರೆ ಸಾಕು, ಮೈ ಸೆಟೆದುಕೊಳ್ಳುತ್ತದೆ. ದಿನವಿಡೀ ತಟ್ಟೆ ಲೋಟಗಳ ಸದ್ದಿನ ನಡುವೆ, ಎಲ್ಲರನ್ನೂ ಕೂಗಿ ಮಾತಾಡಿಸಿಕೊಂಡು ಬದುಕಿದ ಮನುಷ್ಯ. ಅವರ ಹತ್ತಿರ ಪಿಸುಮಾತೂ ಆಡಬಾರದೆಂದು ನರ್ಸ್ ತುಟಿಯ ಮೇಲೆ ಬೆರಳಿಟ್ಟಳು. ಹೆಂಡತಿ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದರು, ಬಳೆ ಸದ್ದಾದೀತೆಂದು ಎರಡೂ ಕೈಯ ಬಳೆಗಳನ್ನು ಸೆರಗಿನಿಂದ ಸುತ್ತಿಕೊಂಡಿದ್ದರು. ಅಲ್ಲಿನ ಡಾಕ್ಟರು ತಮ್ಮಿಂದ ಆದದ್ದೆಲ್ಲ ಮಾಡಿದರು. ಕೆಲವು ದಿನಗಳ ನಂತರ ಧಣಿಗಳು ತೀರಿಕೊಂಡರು.

ಹೋಟೆಲಿನ ಶಟರನ್ನು ಅರ್ಧ ಇಳಿಸಿ, ಮೇಜುಗಳನ್ನು ಗೋಡೆಗೆ ಸರಿಸಿ, ಜನ ಬಂದು ಮಾತಾಡಿಸಿ ಹೋಗುತ್ತಿದ್ದರು. ನಾನು ಹೋದಾಗ ಎದುರಿನ ಡಾಕ್ಟರೂ ಬಂದಿದ್ದರು. ಕುರ್ಚಿ ಹಾಕಿ ಕೂರಿಸಿದ್ದರು. ಅವರು ಎಲ್ಲರಿಗೂ ಕೇಳುವಂತೆ, "ಶುಗರ್. ಏನು ಮಾಡೋದು, ಶುಗರ್ ಒಳಗಿನಿಂದ ತಿಂದುಬಿಡುತ್ತೆ" ಎಂದು ಹಿಂದಿಯಲ್ಲಿ ಹೇಳುತ್ತಿದ್ದರು. ಸುತ್ತ ಕೂತವರು ತಲೆಯಾಡಿಸುತ್ತಿದ್ದರು. ಹೌದು, ಶುಗರ್ ಕೆಟ್ಟದ್ದು. ಹೌದು, ಹಣೆಬರಹ.

ಸಾವಿನ ಮನೆಯಲ್ಲಿ ದನಿ ಎತ್ತಬಾರದೆಂದು ನನ್ನ ತಾಯಿ ಕಲಿಸಿದ್ದರು. ನಾನು ದನಿ ಎತ್ತಲಿಲ್ಲ. ಆದರೆ ಸುಮ್ಮನಿರಲೂ ಆಗಲಿಲ್ಲ. "ಇವರನ್ನ ತಿಂದಿದ್ದು ಶುಗರ್ ಅಲ್ಲ, ಡಾಕ್ಟರ್ ಸಾಬ್. ಧನುರ್ವಾಯು. ಆಸ್ಪತ್ರೆಯವರೂ ಅದನ್ನೇ ಹೇಳಿದ್ದಾರೆ" ಎಂದೆ.

ತಲೆಯಾಡಿಸುವುದು ನಿಂತಿತು. ಡಾಕ್ಟರು, "ಇದು ಅದಕ್ಕೆ ಜಾಗವಲ್ಲ" ಎಂದರು. ಅಷ್ಟರಲ್ಲಿ ಒಳಗಿನ ಬಾಗಿಲಲ್ಲಿ ಧಣಿಗಳ ಹೆಂಡತಿ ನಿಂತಿದ್ದನ್ನು ನಾನು ಕಂಡೆ. ಅವರು ಡಾಕ್ಟರನ್ನು ನೋಡಲಿಲ್ಲ, ನನ್ನನ್ನೇ ನೋಡಿ ಕೇಳಿದರು:

"ಆ ಸೂಜಿ ಹಾಕಿಸಿದ್ರೆ ಇವ್ರು ಉಳೀತಿದ್ರಾ?"

ಇಲ್ಲ ಎನ್ನಬಹುದಿತ್ತು. ಇಲ್ಲ ಎಂದಿದ್ದರೆ ಅವರಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತೋ ಏನೋ. ನನ್ನ ಬಾಯಿಗೆ ಆ ಸುಳ್ಳು ಬಂದಿತ್ತು ಕೂಡ. ಆದರೆ ಅದೇ ಸುಳ್ಳನ್ನು ಕುರ್ಚಿಯ ಮೇಲೆ ಕೂತವರು ಆಗಲೇ ಹೇಳಿ ಆಗಿತ್ತು.

"ನಾನು ಮೊದಲು ಹೇಳಿದಾಗಲೇ, ಗಾಯ ಆಗೋದಕ್ಕೆ ಮುಂಚೆ ಹಾಕಿಸಿದ್ದಿದ್ರೆ ಈ ಕಾಯಿಲೆ ಬರ್ತಿರಲಿಲ್ಲ ಅಕ್ಕ. ಗಾಯ ಆದ ದಿನ ಕೊಟ್ಟಿದ್ದರೆ ಖಂಡಿತ ಅಂತ ಹೇಳಲಾರೆ. ಆದರೆ ಅವಕಾಶ ಇತ್ತು."

ಅವರು ಗೋಡೆ ಹಿಡಿದು ನಿಧಾನ ಕೂತರು. ಡಾಕ್ಟರು ಎದ್ದು ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದರು. ಯಾರೋ ಹಿರಿಯರು ನನ್ನನ್ನು, "ನೊಂದವರಿಗೆ ಹೀಗೆ ಹೇಳುವುದುಂಟಾ?" ಎಂದು ಬೈದರು. ಬೈಸಿಕೊಂಡೆ. ಆ ಹಿರಿಯರ ಮೇಲೆ ನನಗೆ ಕೋಪ ಬರಲಿಲ್ಲ. ಕೋಪ ಬಂದದ್ದು ಆ ಕುರ್ಚಿಯ ಮೇಲೆ, ಆ ಕುರ್ಚಿ ಹಾಕಿಕೊಟ್ಟ ನಮ್ಮೆಲ್ಲರ ಮೇಲೆ.

ತಿಂಗಳು ಕಳೆದ ಮೇಲೆ ಧಣಿಗಳ ಹೆಂಡತಿ ಅಂಗಡಿಗೆ ಬಂದರು. ಅವರಿಗೂ ಸಕ್ಕರೆ ಇತ್ತೆಂದು ನನಗೆ ಆವತ್ತೇ ತಿಳಿದದ್ದು. ಗಂಡ ತರುತ್ತಿದ್ದ ಮಾತ್ರೆ ಇಬ್ಬರಿಗೂ ಆಗುತ್ತಿತ್ತಂತೆ. "ನನಗೆ ಹಾಕಿಸಿ. ನಮ್ಮ ಭಟ್ಟರಿಗೆ ಉಳಿದ ಡೋಸು ಹಾಕಿಸಿ. ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಿಲ್ಲುವ ಎಲ್ಲರಿಗೂ ಹಾಕಿಸಿ. ಆ ದವಾಖಾನೆಗೆ ಮಾತ್ರ ನಾನು ಹೋಗುದಿಲ್ಲ" ಎಂದರು.

ಮುನಿಸಿಪಾಲಿಟಿಯ ದವಾಖಾನೆಯಲ್ಲಿ ಒಬ್ಬ ಮರಾಠಿ ಲೇಡಿ ಡಾಕ್ಟರ್ ಇದ್ದರು, ಹೊಸಬರು. ಅಲ್ಲಿನ ಟಿಟಿ ಬಸುರಿಯರಿಗೆ ಮೀಸಲು, ಬೇರೆಯವರಿಗೆ ಕೊಡುವ ಹಾಗಿಲ್ಲ ಎಂದರು. ಲಸಿಕೆ ನಾವೇ ತಂದರೆ? "ತಂದರೆ ಕೊಡ್ತೀನಿ. ಶುಗರ್ ಇದ್ದವರಿಗೆ ಕೊಡದೆ ಇನ್ಯಾರಿಗೆ ಕೊಡೋದು" ಎಂದು ಅವರು ಅಂದಾಗ ನನಗೆ ಅಳು ಬಂತು. ಇಷ್ಟು ಸರಳವಾದ ಮಾತನ್ನು ಒಬ್ಬ ಡಾಕ್ಟರ ಬಾಯಲ್ಲಿ ಕೇಳಲು ಒಂದು ಹೆಣ ಬೀಳಬೇಕಾಯಿತಲ್ಲ.

ಥರ್ಮಾಸಿನಲ್ಲಿ ಐಸು ತುಂಬಿ, ಅದರಲ್ಲಿ ಆಂಪೂಲುಗಳನ್ನಿಟ್ಟು ನಾನು ಒಯ್ಯುತ್ತಿದ್ದೆ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಿರಿಂಜು ಆಗತಾನೆ ಅಂಗಡಿಗಳಿಗೆ ಬರತೊಡಗಿತ್ತು. ಅದನ್ನೇ ಬಳಸಿದೆವು. ಮೊದಲು ಕೈ ಚಾಚಿದವರು ಧಣಿಗಳ ಹೆಂಡತಿ. ಎರಡನೆಯವರು ಭಟ್ಟರು. ಹಳೆಯ ಕಲೆಯಿದ್ದ ತೋಳನ್ನು ಬಿಟ್ಟು ಇನ್ನೊಂದನ್ನು ಮುಂದೆ ಮಾಡಿ, ಕಣ್ಣು ಮುಚ್ಚಿಕೊಂಡು ಕೂತರು. ಅವರ ತೋಳು ಊದಲಿಲ್ಲ. ಆ ಊದದ ತೋಳನ್ನು ನೋಡಿಯೇ ಬೇರೆ ಹೋಟೆಲಿನವರು, ಗಾಲೆಯವರು, ಅವರ ಮನೆಯ ಹೆಂಗಸರು ಬಂದರು. ಮಾತ್ರೆ ಕೊಳ್ಳಲು ಬಂದ ಪ್ರತಿಯೊಬ್ಬ ಸಕ್ಕರೆಯವರಿಗೂ ನಾನು ಮಾತ್ರೆಯ ಜೊತೆ ಈ ಮಾತನ್ನೂ ಕಟ್ಟಿಕೊಟ್ಟೆ. ಕೆಲವರು ಬೇಸತ್ತು ಬೇರೆ ಅಂಗಡಿಗೆ ಹೋದರು. ಹೋಗಲಿ.

ಎದುರಿನ ಡಾಕ್ಟರು ಪೇಷಂಟುಗಳಿಗೆ ಇನ್ನೊಂದು ಮೆಡಿಕಲ್ಲಿನ ದಾರಿ ತೋರಿಸತೊಡಗಿದರು. ಶೇಟ್ ಬಹಳ ದಿನ ತಡೆದುಕೊಂಡರು, ಅದನ್ನು ಒಪ್ಪಬೇಕು. ಒಂದು ದಿನ ಚಹಾ ತರಿಸಿ, ಗೋಡೆಯ ಮೇಲಿನ ನನ್ನ ಫಾರ್ಮಸಿಸ್ಟ್ ಸರ್ಟಿಫಿಕೇಟಿನ ಕಡೆ ನೋಡುತ್ತ, "ಬೆಹೆನ್, ನೀವು ಮನೇಲಿ ಆರಾಮಾಗಿರಿ. ಅದು ಇಲ್ಲೇ ಇರಲಿ. ತಿಂಗಳ ಪಗಾರ ಮನೆಗೇ ಬರುತ್ತೆ. ಎಲ್ಲಾ ಅಂಗಡೀಲೂ ಹಾಗೇ ತಾನೆ" ಎಂದರು.

ಹೌದು, ಎಷ್ಟೋ ಅಂಗಡಿಗಳಲ್ಲಿ ಹಾಗೇ ಇತ್ತು. ಓದಿದವರ ಕಾಗದ ಗೋಡೆಗೆ, ಓದಿದವರು ಮನೆಗೆ. ನನ್ನ ಬಾಯಿ ಬೇಡ, ನನ್ನ ಹೆಸರು ಸಾಕು. ಡಾಕ್ಟರು ಜನರೆದುರು ನನ್ನನ್ನು ಮಾರುವವಳು ಎಂದಾಗ ಆಗದಿದ್ದ ಅವಮಾನ ಈ ಮೆತ್ತಗಿನ ಮಾತಿನಿಂದ ಆಯಿತು. ಸ್ಟೂಲು ಹತ್ತಿ ಫ್ರೇಮನ್ನು ನಾನೇ ಇಳಿಸಿದೆ. ಶೇಟ್ ಸ್ಟೂಲು ಹಿಡಿದುಕೊಂಡರು. ಬೀಳಬೇಡಿ ಎಂದರು. ಪಾಪ ಎನ್ನಿಸಬೇಕಿತ್ತೇನೋ, ಎನ್ನಿಸಲಿಲ್ಲ.

ಆಮೇಲೆ ದಹಿಸರಿನಲ್ಲೇ ಒಂದು ಅಂಗಡಿಗೆ ಸೇರಿದೆ. ಅಲ್ಲಿಯೂ ಅದೇ ಕೆಲಸ, ಅದೇ ಮಾತು, ಅದೇ ಜಗಳ. ತೊಂಬತ್ತರ ಸುಮಾರಿಗೆ ಕಾಂದಿವಲಿಯಿಂದ ಬಂದ ಹಳೆಯ ಗಿರಾಕಿಯೊಬ್ಬಳು ಇನ್ಸುಲಿನ್ ಕೊಳ್ಳುತ್ತ ನನಗೇ ಬುದ್ಧಿ ಹೇಳಿದಳು: "ಮ್ಯಾಡಮ್, ಶುಗರ್‌ವಾಲಾ ಎಲ್ಲರೂ ಟಿಟಿ ತಗೋಬೇಕಂತೆ. ನಮ್ಮ ಡಾಕ್ಟರ್ ಸಾಬ್ ಹೇಳ್ತಾರೆ." ಯಾವ ಡಾಕ್ಟರೆಂದು ಕೇಳಿದೆ. ಅವರೇ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವರು ಯಾವಾಗ ಬದಲಾದರು, ಬದಲಾದಾಗ ಧಣಿಗಳ ಹೆಂಡತಿಗೆ ಒಂದು ಮಾತು ಹೇಳಿದರೇ ಎಂದು ತಿಳಿಯಬೇಕಿತ್ತು ನನಗೆ.

ಅದನ್ನೇ ಕೇಳಲು ಒಂದು ಭಾನುವಾರ ಹೋದೆ. ಹೋಟೆಲನ್ನು ಈಗ ಆಕೆಯೇ ನಡೆಸುತ್ತಿದ್ದರು. ಗಲ್ಲೆಯಲ್ಲಿ ಕೂತು, ಊರಿನಿಂದ ಆಗಷ್ಟೇ ಬಂದ ಹೊಸ ಅಡುಗೆಯವನ ಜೊತೆ ವಾದ ಮಾಡುತ್ತಿದ್ದರು. ಅವನಿಗೂ ಸಕ್ಕರೆಯಂತೆ, ಸೂಜಿ ಬೇಡವಂತೆ.

"ಬೇಡ ಅಂದ್ರೆ ರೈಲು ಉಂಟು, ಊರಿಗೆ ಹೋಗಬಹುದು" ಎಂದರು ಆಕೆ. "ನನ್ನ ಅಡುಗೆಮನೆಗೆ ಕಾಲಿಡುದಾದ್ರೆ ಮೊದಲು ಸೂಜಿ. ಆಮೇಲೆ ಚಪ್ಪಲಿ. ಆಮೇಲೆ ದೋಸೆಕಲ್ಲು."

ಅವನು ಹೊರಟ ಮೇಲೆ ನಾನು ಕೇಳಿದೆ. ಡಾಕ್ಟರು ಏನಾದರೂ ಹೇಳಿದರೇ ಎಂದು.

"ಎಂತ ಹೇಳುದು ಅವ್ರು? ಕಂಡ್ರೆ ಆಚೆ ಬದಿಯಿಂದ ಹೋಗ್ತಾರೆ" ಎಂದು ಆಕೆ ಕಾಫಿಗೆ ಹೇಳಿ ಕಳಿಸಿದರು.